ಟಗರು ಓಡಿತು, ತಾವು ಓಡಲಿಲ್ಲ

ಅಡುಗೆಮನೆಯ ಕಿಟಕಿಯ ಬಳಿ, ರೇಡಿಯೊಗೂ ಒಣಮೀನಿನ ಡಬ್ಬಿಗೂ ನಡುವೆ ವಿರಾಜಮಾನರಾಗಿರುವ ನಮ್ಮ ಮನೆಯ ಕಂಪ್ಯೂಟರ್ ಮಹಾಶಯರ ಸನ್ನಿಧಾನಕ್ಕೆ,

ಮಾನ್ಯರೇ,

ತಾವು ಕ್ಷೇಮವೆಂದು ತಮ್ಮ ಫ್ಯಾನಿನ ಆರ್ಭಟದಿಂದಲೇ ತಿಳಿಯುತ್ತಿದೆ. ಇತ್ತ ನನ್ನ ಕ್ಷೇಮ ಅಷ್ಟಕ್ಕಷ್ಟೆ. ಕುರಿಗಳ ವಂಶಾವಳಿ ಬರೆದಿಡಲು ಬಂದ ತಮಗೆ, ಈ ಸಲದ ಥೋರ್ರಬ್ಲೋತ್ ಔತಣದಲ್ಲಿ ತೋರಿಸುವ ವಿಡಿಯೊ ಚಿತ್ರವನ್ನು ಕತ್ತರಿಸಿ ಜೋಡಿಸುವ ಗೌರವವನ್ನೂ ಒಪ್ಪಿಸಿದೆ. ತಾವು ಆ ಗೌರವವನ್ನು ಹೇಗೆ ಉಳಿಸಿಕೊಂಡಿರೆಂಬುದನ್ನು ಊರಿಗೆಲ್ಲ ತಿಳಿಸುವುದು ನನ್ನ ಕರ್ತವ್ಯ.

ನಮ್ಮ ಕಣಿವೆಯ ಆ ನಡುಚಳಿಯ ಔತಣದಲ್ಲಿ ಹುಳಿ ಹಾಕಿದ ಮಾಂಸಕ್ಕಿಂತ ಮುಖ್ಯವಾದದ್ದು, ಕಳೆದ ವರ್ಷ ಯಾರ್ಯಾರು ಏನೇನು ಎಡವಟ್ಟು ಮಾಡಿಕೊಂಡರೆಂದು ಎಲ್ಲರೆದುರು ಆಡಿಕೊಳ್ಳುವುದು. ನಗೆಪಾಟಲಾದವರಿಗೆ ಸಿಟ್ಟು ಬರುವುದಿಲ್ಲ, ಹೆಸರು ಬಿಟ್ಟುಹೋದವರಿಗೆ ಬರುತ್ತದೆ. ಪಕ್ಕದ ಮನೆಯ ಸ್ನೈಬ್ಯೋರ್ನ್‌ನ ಹೆಂಡತಿ ತೀರಿಕೊಂಡ ಮೇಲೆ, ಪಾಪ, ನೊಂದ ಜೀವ ಎಂದು ಅವನ ಸುದ್ದಿಗೇ ನಾವು ಹೋಗಿರಲಿಲ್ಲ. ಬೆಟ್ಟದಿಂದ ಕುರಿ ಇಳಿಸಿ ದೊಡ್ಡಿ ತುಂಬುವ ದಿನ ಅವನು ನನ್ನನ್ನು ತಡೆದು, “ಏನಮ್ಮ ಸ್ಟೇನ್ವೋರ್, ಸತ್ತಿದ್ದು ನನ್ನ ಹೆಂಡ್ತಿ, ನಾನಲ್ಲ. ನನ್ನನ್ನೂ ಯಾಕೆ ಹೂತುಬಿಟ್ರಿ?” ಎಂದ. ಈ ಸಲ ಅವನನ್ನು ಬಿಡಬಾರದೆಂದು ಆಗಲೇ ನಿಶ್ಚಯಿಸಿದೆ. ಅವನು ಅತ್ತ ತಿರುಗಿದ್ದೇ ತಡ, ಅವನದೇ ಟಗರು ಕಾಲಸಂದಿಗೆ ನುಗ್ಗಿ ಅವನನ್ನು ಹಿಂದುಮುಂದಾಗಿ ಹೊತ್ತು ದೊಡ್ಡಿಯೆಲ್ಲ ಸುತ್ತಿ ಕೆಸರಿಗೆ ಕೆಡವಿತು. ನನ್ನ ಕೈಯಲ್ಲಿ ಹೊಸ ಎಚ್‌ಡಿ ಕ್ಯಾಮೆರಾ ಇತ್ತು!

ಟಗರಿನ ಮೂಗಿನ ಕೂದಲನ್ನೂ ಬಿಡದ ಆ ಕ್ಯಾಮೆರಾದ ಸ್ಪಷ್ಟತೆ ತಮ್ಮಂಥ ಸಾತ್ವಿಕರಿಗೆ ಅಜೀರ್ಣವಾದದ್ದು ಸಹಜವೇ. ಪಾದ್ರಿಯ ಕಾರು ಚರಂಡಿಗಿಳಿದದ್ದನ್ನು ಗೊಣಗುತ್ತಲೇ ನುಂಗಿದಿರಿ. ಸ್ನೈಬ್ಯೋರ್ನ್‌ನ ಸರದಿ ಬಂದೊಡನೆ ಧ್ಯಾನಸ್ಥರಾದಿರಿ. ಎಬ್ಬಿಸಿದರೆ ಮಾತು ಮುಂದೆ, ಬಾಯಿ ಹಿಂದೆ; ಅವನು ಬೀಳುವ ಮೊದಲೇ ಟಗರನ್ನು ಬೈದು ಮುಗಿಸಿರುತ್ತಿದ್ದ. ತಮ್ಮ ತಾಪ ತಣಿಯಲೆಂದು ಕೊರೆಯುವ ಹಿಮಗಾಳಿಗೆ ಕಿಟಕಿ ತೆರೆದಿಟ್ಟೆ. ನನ್ನ ಗಂಡ ಒದ್ದುರ್ ಉಣ್ಣೆಟೊಪ್ಪಿ ಹಾಕಿಕೊಂಡೇ ಊಟಕ್ಕೆ ಕೂತು, “ಆ ತುಂಡು ಒಂದನ್ನ ಬಿಟ್ಟಾಕೇ ಮಾರಾಯ್ತಿ, ನಾನು ಹೆಪ್ಪುಗಟ್ಟೋಕೆ ಮುಂಚೆ” ಎಂದ. ಬಿಡಬೇಕಾದರೆ ಪಾದ್ರಿಯನ್ನು ಬಿಡುತ್ತಿದ್ದೆ, ಸ್ನೈಬ್ಯೋರ್ನ್‌ನನ್ನಲ್ಲ.

ತಮಗೆ ದಣಿವಾಗುವ ಮುನ್ಸೂಚನೆ ದಯಪಾಲಿಸಿದರೆ, ಇನ್ನು ಮುಂದೆ ನಿಧಾನವಾಗಿ ಓಡುವಂತೆ ಕಣಿವೆಯ ಟಗರುಗಳಿಗೆಲ್ಲ ತಿಳಿಹೇಳಲಾಗುವುದು, ಬೀಳುವವರಿಗೂ ದಟ್ಟ ಮಂಜು ಕವಿದಾಗಲೇ ಬೀಳಲು ವಿನಂತಿಸಲಾಗುವುದು.

ಕೊನೆಗೆ ತಾವು ಹೊರಹಾಕಿದ ಚಿತ್ರವನ್ನು ಪೂರ್ತಿ ನೋಡಲೂ ಪುರುಸೊತ್ತಿಲ್ಲದೆ ಹಾಗೇ ಸಭಾಂಗಣಕ್ಕೆ ಒಯ್ದೆ. ಸ್ನೈಬ್ಯೋರ್ನ್ ಟಗರನ್ನೇರಿದ, ಬಾಯಿ ತೆರೆದ, ಟೊಪ್ಪಿ ಹಾರಿತು. ಅಲ್ಲಿಗೆ ಚಿತ್ರ ನಿಂತಿತು. ಯಾರೂ ನಗಲಿಲ್ಲ. ಎಲ್ಲರೂ ತಟ್ಟೆ ನೋಡುತ್ತ ಕೂತರು. ಅಯ್ಯೋ, ಅವನಿಗಿದ್ದ ಮಾನವನ್ನೂ ಕಳೆದೆನಲ್ಲಾ ಎಂದುಕೊಂಡೆ. ಆಗ ಹಿಂದಿನ ಬೆಂಚಿನಿಂದ, “ಏಯ್, ಯಾಕ್ರೋ ನಿಲ್ಲಿಸಿದ್ರಿ? ಬೀಳಿಸ್ರೋ ನನ್ನ!” ಎಂಬ ಕೂಗು ಬಂತು. ಸ್ನೈಬ್ಯೋರ್ನ್ ಎದ್ದು ಬಂದು, ಪಾದ್ರಿಯನ್ನು ಬಗ್ಗಿಸಿ ಟಗರು ಮಾಡಿ, ಬೆನ್ನೇರಿ, ತಾವು ಬಾಕಿ ಉಳಿಸಿದ್ದ ಬೀಳುವ ಭಾಗವನ್ನು ತಾನೇ ಬಿದ್ದು ತೋರಿಸಿದ. ಸಭಾಂಗಣ ಬಿದ್ದು ಬಿದ್ದು ನಕ್ಕಿತು. ನೆಲದ ಮೇಲೆ ಮಲಗಿಯೇ ಅವನೂ ಕಣ್ಣೊರೆಸಿಕೊಳ್ಳುತ್ತ ನಗುತ್ತಿದ್ದ; ನಾನಂತೂ ಅತ್ತೇಬಿಟ್ಟೆ.

ತಾವು ಸರಿಯಾಗಿ ಓಡಿದ್ದರೆ ಇದು ನಡೆಯುತ್ತಿರಲಿಲ್ಲವೆಂದು ಊರಿನವರು ತಮ್ಮನ್ನು ಹೊಗಳುತ್ತಿದ್ದಾರೆ. ಆ ಸಂಕಟವನ್ನು ನಾನು ಯಾರಿಗೆ ಹೇಳಲಿ?

ತಮ್ಮ ಪ್ಲಗ್ಗನ್ನು ಇಂದಿನವರೆಗೂ ಕೀಳದಿರುವ,
ತಮ್ಮ ವಿಶ್ವಾಸಿ,
ಸ್ಟೇನ್ವೋರ್ ಕೆತಿಲ್ಸ್‌ದೋತ್ತಿರ್

ತಾ.ಕ.: ಮುಂದಿನ ಔತಣದ ಸಮಿತಿಗೆ ಸ್ನೈಬ್ಯೋರ್ನ್ ಸೇರಿದ್ದಾನೆ. ತಮ್ಮನ್ನೂ ಆಡಿಕೊಳ್ಳಲೇಬೇಕೆಂದು ಪಟ್ಟು ಹಿಡಿದು, ತಮ್ಮ ಪಾತ್ರಕ್ಕೆ ತನ್ನ ಮುದಿ ಕುರಿಯನ್ನು ಆರಿಸಿದ್ದಾನೆ. ಆಕ್ಷೇಪವಿದ್ದರೆ ಇಂದೇ ಬರೆಯತೊಡಗಿ. ಮುಂದಿನ ಚಳಿಗಾಲದ ಹೊತ್ತಿಗೆ ‘ಮಾನ್ಯರೇ’ ಎಂಬಲ್ಲಿಗಾದರೂ ತಲುಪಬಹುದು.