ಇಬ್ಭಾಗವಾದ ಕೀಬೋರ್ಡು

ಪ್ರತಿಯೊಬ್ಬರ ಆಯಾಸಕ್ಕೂ ಒಂದು ಖಾಯಂ ವಿಳಾಸ ಇರುತ್ತದೆ. ಕೆಲವರಿಗೆ ಸೊಂಟ, ಕೆಲವರಿಗೆ ಮಂಡಿ, ನನ್ನ ಹೆಂಡತಿಗೆ ನಾನು. ನನಗೆ ಬಲಗೈ ಮಣಿಕಟ್ಟು. ಹುಣಸೂರಿನಲ್ಲಿ ಒಂದು ಮೇಜು, ಒಂದು ಕಂಪ್ಯೂಟರು, ಒಂದು ಜೆರಾಕ್ಸ್ ಯಂತ್ರ ಇಟ್ಟುಕೊಂಡು ಇಪ್ಪತ್ತೆರಡು ವರ್ಷದಿಂದ ಅರ್ಜಿ, ಅಫಿಡವಿಟ್ಟು ಟೈಪು ಮಾಡುತ್ತಿದ್ದೇನೆ. ಸುತ್ತಲ ಊರುಗಳ ಪಾಲು, ಪಂಚಾಯಿತಿ, ಮದುವೆ, ಮರಣ ಎಲ್ಲವೂ ಈ ಮಣಿಕಟ್ಟಿನ ಮೂಲಕವೇ ಸರ್ಕಾರವನ್ನು ತಲುಪಿವೆ. ಆದ್ದರಿಂದ ಅದು ಒಂದು ದಿನ ಮುಷ್ಕರ ಹೂಡಿದ್ದರಲ್ಲಿ ತಪ್ಪೇನಿಲ್ಲ. ಬೆಳಿಗ್ಗೆ ಚೊಂಬು ಎತ್ತಲು ಹೋದೆ, ಕೈ ಮಾತ್ರ ಮೇಲೆ ಬಂತು. "ಟೈಪಿಂಗ್ ಬಿಟ್ಬಿಡಿ" ಅಂದರು ಡಾಕ್ಟರು. ಬಿಟ್ಟು ಏನು ಮಾಡಲಿ ಎಂದು ಕೇಳಿದೆ. "ಅದು ನಮ್ಮ ವಿಭಾಗಕ್ಕೆ ಬರಲ್ಲ" ಅಂದರು.

ಬಿಡುವ ಹಾಗಿಲ್ಲದ ಕೆಲಸವನ್ನು ನೋಯದ ಹಾಗೆ ಮಾಡುವುದು ಹೇಗೆಂದು ಫೋನಿನಲ್ಲಿ ಹುಡುಕಿದಾಗ ಸಿಕ್ಕಿದ್ದೇ ಈ ಕೀಬೋರ್ಡು. ಅಗಲವಾದ ಒಂದು ಕೀಬೋರ್ಡನ್ನು ನಡುವೆ ಸೀಳಿ, ಬೇಡವೆನಿಸಿದ ಕೀಲಿಗಳನ್ನೆಲ್ಲ ಕಿತ್ತು ಹಾಕಿ, ಉಳಿದ ಎರಡು ಹೋಳನ್ನು ಒಂದು ವೈರಿನಿಂದ ಕಟ್ಟಿದ ಹಾಗಿತ್ತು. ಎಡಗೈಗೊಂದು ಹೋಳು, ಬಲಗೈಗೊಂದು. ಭುಜ ಎಷ್ಟು ಅಗಲವೋ ಅಷ್ಟು ದೂರಕ್ಕೆ ಎರಡನ್ನೂ ಸರಿಸಿ ಇಟ್ಟುಕೊಂಡರೆ ಕೈ ತಿರುಚುವುದೇ ಬೇಡ ಎಂಬುದು ಅದರ ತತ್ವ. ಪಕ್ಕದ ಅಂಗಡಿಯಲ್ಲಿ ವಾಚು ರಿಪೇರಿ ಮಾಡುವ ಇಲಿಯಾಸ್ ಭಾಯಿ ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಮಸೂರ ತೆಗೆಯದೆಯೇ ಬಂದು ನೋಡಿ, "ಏನ್ ಸಾರ್, ಮನೇಲಿ ಪಾಲಾಯ್ತಾ?" ಎಂದು ಕೇಳಿದರು.

ಅಂಕಿಗಳ ಸಾಲೇ ಅದರಲ್ಲಿ ಇರಲಿಲ್ಲ. ಒಂದು ಕೀಲಿಯನ್ನು ಹೆಬ್ಬೆರಳಲ್ಲಿ ಅದುಮಿ ಹಿಡಿದರೆ ಅಕ್ಷರಗಳೇ ಅಂಕಿಗಳಾಗುತ್ತಿದ್ದವು, ಬಿಟ್ಟರೆ ಮತ್ತೆ ಅಕ್ಷರ. ಸರ್ವೆ ನಂಬರು ಹೊಡೆಯುವಾಗ ಸೀನು ಬಂದರೆ ಜಮೀನಿನ ಗತಿ ದೇವರಿಗೇ ಪ್ರೀತಿ. ಇನ್ನು ಬಲ ಹೆಬ್ಬೆರಳಿಗೆ ಪದಗಳ ನಡುವೆ ಜಾಗ ಬಿಡುವ ಕೆಲಸ, ಎಡ ಹೆಬ್ಬೆರಳಿಗೆ ಅಳಿಸುವ ಕೆಲಸ. ನನ್ನ ಎರಡು ಹೆಬ್ಬೆರಳಿಗೂ ಜಾಗ ಬಿಟ್ಟೇ ಅಭ್ಯಾಸವಾದ್ದರಿಂದ ಮೊದಲ ಮೂರು ದಿನ ಒಂದು ಕೈ ಬರೆದದ್ದನ್ನು ಇನ್ನೊಂದು ಕೈ ಅಳಿಸುತ್ತಾ ಕೂತಿತ್ತು. ಸಂಜೆ ನೋಡಿದರೆ ಮೈಯೆಲ್ಲ ಸುಸ್ತು, ಪರದೆ ಮಾತ್ರ ಸ್ವಚ್ಛ. ಆದರೂ ಸತ್ಯ ಹೇಳಬೇಕು. ಎರಡು ವಾರ ಕಳೆಯುವ ಹೊತ್ತಿಗೆ ನೋವು ಇಳಿದಿತ್ತು. ಚೊಂಬು ಮೇಲೆ ಬಂತು. ಮೇಜಿನ ಮೇಲೆ ಟೀ ಲೋಟಕ್ಕೂ ಜಾಗ ಸಿಕ್ಕಿತು. ಈ ವಯಸ್ಸಿನಲ್ಲಿ ನಾನು ಸುಖ ಎಂದು ಕರೆಯುವುದು ಇಷ್ಟನ್ನೇ.

ಆಗಲೇ ಹನಗೋಡಿನ ಹೊನ್ನಮ್ಮ ಬಂದದ್ದು. ಯಜಮಾನರು ತೀರಿಕೊಂಡು ವರ್ಷವಾಗಿತ್ತು. ವಿಧವಾ ಪಿಂಚಣಿಗೆ ಅರ್ಜಿ ಹಾಕಿದರೆ ಆಧಾರ್ ಕಾರ್ಡಿನಲ್ಲಿ ಹೊನ್ನಮ್ಮ, ರೇಷನ್ ಕಾರ್ಡಿನಲ್ಲಿ ಒನ್ನಮ್ಮ. ಇಬ್ಬರೂ ಒಬ್ಬಳೇ ಎಂದು ಅಫಿಡವಿಟ್ಟು ಮಾಡಿಸಿ ತಂದರೆ ಮಾತ್ರ ಪಿಂಚಣಿ ಎಂದು ಕಚೇರಿಯಲ್ಲಿ ಹೇಳಿದ್ದರಂತೆ. ಇಂಥವು ನನಗೆ ನೀರು ಕುಡಿದಷ್ಟು ಸುಲಭ. ಒಕ್ಕಣೆ ಕಂಪ್ಯೂಟರಿನಲ್ಲಿ ಸಿದ್ಧವಾಗಿಯೇ ಇರುತ್ತದೆ, ಹೆಸರು ಮತ್ತು ಊರು ತುಂಬಿದರೆ ಮುಗಿಯಿತು. ತುಂಬಿದೆ. ಗಟ್ಟಿಯಾಗಿ ಓದಿಯೂ ಹೇಳಿದೆ. "ಸರ್ಯಾಗದೆ ಕಣಣ್ಣ" ಎಂದು ಅವಳು ಹೆಬ್ಬೆಟ್ಟು ಒತ್ತಿ ಹೋದಳು.

ಮಧ್ಯಾಹ್ನದ ಬಿಸಿಲಿನಲ್ಲಿ ಅದೇ ಕಾಗದ ಹಿಡಿದು ವಾಪಸು ಬಂದಳು. "ಅಣ್ಣಾ, ಅಲ್ಲಿ ಮೇಡಮ್ಮು ನಗ್ತಾವ್ರೆ. ಒನ್ನಮ್ಮ ಅನ್ನೋಳೂ ಒನ್ನಮ್ಮ ಅನ್ನೋಳೂ ಒಬ್ಳೇ ಅಂತ ಬರ್ಸ್ಕೊಂಡು ಬಂದಿದ್ದೀರಲ್ಲ, ಅದ್ರಲ್ಲಿ ನಮಗೇನೂ ಅನುಮಾನ ಇರ್ಲಿಲ್ಲ ಕಣಮ್ಮ ಅಂದ್ರು. ಏನಣ್ಣ ಅಂಗಂದ್ರೆ?"

ಕಾಗದ ನೋಡಿದೆ. ಹೊನ್ನಮ್ಮ ಎಲ್ಲೂ ಇರಲಿಲ್ಲ. ಇಬ್ಬರು ಒನ್ನಮ್ಮಂದಿರಿದ್ದರು, ಅವರ ಊರು ಅನಗೋಡು. ನಾನು ಟೈಪು ಮಾಡುವ ಪದ್ಧತಿಯಲ್ಲಿ ಇಂಗ್ಲಿಷಿನ ಎಚ್ ಒತ್ತಿದರೆ ಕನ್ನಡದ ಹ ಬರುತ್ತದೆ. ಎಚ್ ಬೀಳದಿದ್ದರೆ ಅದರ ಮುಂದಿನ ಸ್ವರವಷ್ಟೇ ಉಳಿಯುತ್ತದೆ. ಕ್ರಮವಾಗಿ ಕಲಿತವರು ಎಚ್ಚನ್ನು ಬಲಗೈಯಲ್ಲಿ ಒತ್ತುತ್ತಾರೆ. ಪಕ್ಕದವನನ್ನು ನೋಡಿ ಕಲಿತ ನಾನು ಎಡಗೈ ಬೆರಳನ್ನು ಚಾಚಿ ಒತ್ತುತ್ತಾ ಬಂದವನು. ಈಗ ಎಚ್ ಬಲಹೋಳಿನ ಜೊತೆ ಆಚೆ ದಡ ಸೇರಿತ್ತು. ನನ್ನ ಎಡಬೆರಳು ನಡುವಿನ ಖಾಲಿ ಮೇಜನ್ನು ಟಪ್ಪೆಂದು ಒತ್ತಿ, ಕೆಲಸ ಮುಗಿಸಿದ ತೃಪ್ತಿಯಿಂದ ವಾಪಸು ಬರುತ್ತಿತ್ತು. ಎರಡು ವಾರದಿಂದ ತಾಲ್ಲೂಕಿನ ಹಕಾರಗಳನ್ನೆಲ್ಲ ನಾನು ಮೇಜಿನ ಮೇಲೇ ಹೊಡೆದಿದ್ದೆ. ಹೊಲ ಒಲವಾಗಿ, ಹೆಂಡತಿ ಎಂಡತಿಯಾಗಿ ಹೋಗಿದ್ದರೂ ಒಬ್ಬರೂ ತಕರಾರು ಮಾಡಿರಲಿಲ್ಲ. ಓದಿ ಹೇಳಿದರೆ ಎಲ್ಲರಿಗೂ ತಾವು ಆಡಿದ ಹಾಗೆಯೇ ಕೇಳಿಸಿತ್ತು.

ನಾಚಿಕೆಯಾಯಿತು. ನಾಚಿಕೆಯಾದಾಗ ಮನುಷ್ಯ ಮಾಡುವುದನ್ನೇ ಮಾಡಿದೆ, ಎದುರಿಗಿದ್ದ ವಸ್ತುವನ್ನು ಬೈದೆ. "ತಪ್ಪು ನಂದಲ್ಲ ಅವ್ವ, ಕೈನೋವಿಗೆ ಅಂತ ತಗೊಂಡ ಈ ದರಿದ್ರ ಕೀಬೋರ್ಡಿಂದು. ದೊಡ್ಡದು ಇದ್ದಾಗ ಒಂದಕ್ಷರ ತಪ್ಪುತಿರ್ಲಿಲ್ಲ." ಹೊನ್ನಮ್ಮ ಎರಡು ಹೋಳನ್ನೂ ಕನಿಕರದಿಂದ ನೋಡಿ, "ಪಾಪ, ಮುರ್ದೋಗದೆ. ಅದೇನ್ ಮಾಡ್ತದೆ ಬುಡಿ" ಅಂದಳು.

ಬಲಗೈಯಿಂದ, ಮಗುವಿನ ಹಾಗೆ ಒಂದೊಂದೇ ಕೀಲಿ ಹುಡುಕಿ ಹೊಸದಾಗಿ ಹೊಡೆದೆ. ಹೊ ಬಂತು. ಈ ಸಲ ಒಂದು ಚುಕ್ಕಿಯೂ ತಪ್ಪಬಾರದೆಂದು, ಹೋಲಿಸಿ ನೋಡಲು ರೇಷನ್ ಕಾರ್ಡಿನ ಹಳೆಯ ಕಾಗದ ಇದ್ದರೆ ಕೊಡಿ ಎಂದೆ. ಸೆರಗಿನ ಗಂಟಿನಿಂದ ಪ್ಲಾಸ್ಟಿಕ್ ಕವರು ತೆಗೆದು, ಮಡಿಕೆಯಲ್ಲೇ ಹರಿಯುತ್ತಿದ್ದ ಆ ಕಾರ್ಡಿಗೆಂದು ಹಾಕಿದ್ದ ಅರ್ಜಿಯ ಜೆರಾಕ್ಸು ಕೊಟ್ಟಳು. ಯಜಮಾನರು ಬದುಕಿದ್ದಾಗ ಮಾಡಿಸಿದ್ದಂತೆ, ಹದಿನಾರು ವರ್ಷದ ಹಿಂದೆ. ಹೆಸರಿನ ಜಾಗದಲ್ಲಿ ಒನ್ನಮ್ಮ ಎಂದು ಅಚ್ಚುಕಟ್ಟಾಗಿ ಟೈಪಾಗಿತ್ತು. ಹಾಳೆಯ ಕೆಳಗೆ, ಎಡಗಡೆ, ನನ್ನ ಅಂಗಡಿಯ ಮೊಹರು.

"ಅವಾಗ ಬರ್ಕೊಟ್ಟೋನು ಯಾವನೋ ಕಿವುಡ ಕಣಣ್ಣ" ಅಂದಳು ಹೊನ್ನಮ್ಮ. "ಅವನಿಂದ ನಾನು ಒಂದ್ ವರ್ಷದಿಂದ ಅಲೀತಾವ್ನಿ. ನೀವಾದ್ರೂ ಕೈನೋವಲ್ಲಿ ಎಲ್ಡೆಲ್ಡು ಕಿತ ಒಡ್ಕೊಡ್ತಿದ್ದೀರಿ, ಪುಣ್ಯಾತ್ಮರು."

ಆ ಕಾಲದಲ್ಲಿ ನನ್ನ ಮುಂದೆ ಇದ್ದದ್ದು ಅಖಂಡವಾದ ಕೀಬೋರ್ಡು. ಎಚ್ ಅದರ ನಟ್ಟನಡುವೆ, ಎರಡೂ ಕೈಗೆ ಸಿಗುವಂತಿತ್ತು. ಮೊಹರಿನ ಮೇಲೆ ಹೆಬ್ಬೆರಳು ಮುಚ್ಚಿ ಹಿಡಿದು, "ಔದವ್ವ, ಕಿವುಡನೇ ಇರ್ಬೇಕು" ಅಂದೆ.