ಚಳಿ ಹಿಡಿದ ಪಿಸ್ತೂಲು

ಕೊಪ್ಪದ ಪೇಟೆಯಲ್ಲಿ ನನ್ನದೊಂದು ಕೋವಿ ರಿಪೇರಿ ಅಂಗಡಿ. ಲೈಸೆನ್ಸ್ ಇದೆ, ಗೋಡೆಗೆ ನೇತುಹಾಕಿದ್ದೇನೆ. ಆದರೂ ಒಳಗೆ ಬಂದವರು ಮೊದಲು ಲೈಸೆನ್ಸ್ ನೋಡುತ್ತಾರೆ, ಆಮೇಲೆ ನನ್ನ ಮುಖ ನೋಡುತ್ತಾರೆ, ಮತ್ತೆ ಲೈಸೆನ್ಸ್ ನೋಡುತ್ತಾರೆ. ಹೊಲಿಗೆಯವನ ಹತ್ತಿರ ಬಟ್ಟೆ ಬಿಟ್ಟು ಹೋಗುವವರು, ಗ್ಯಾರೇಜಿನಲ್ಲಿ ಜೀಪು ಬಿಟ್ಟು ಹೋಗುವವರು, ನನ್ನ ಹತ್ತಿರ ಕೋವಿ ಕೊಟ್ಟಮೇಲೆ ಮಾತ್ರ ಎದುರಿನ ಸ್ಟೂಲು ಬಿಟ್ಟು ಏಳುವುದಿಲ್ಲ. ಸಾಲದ್ದಕ್ಕೆ ನನಗೆ ಮಾತು ಕಡಿಮೆ. ನಮ್ಮ ಕಡೆ ಮಾತು ಕಡಿಮೆ ಇದ್ದವನು ಏನನ್ನೋ ಮುಚ್ಚಿಟ್ಟಿದ್ದಾನೆ ಎಂದೇ ಅರ್ಥ. ಹಾಗಾಗಿ ಮುಂದೆ ಹೇಳುವಂಥವು ನನ್ನ ಅಂಗಡಿಯಲ್ಲಿ ನಡೆಯುತ್ತಲೇ ಇರುತ್ತವೆ.

ಗುಲಾಬಿ ಬಣ್ಣ

ಸೀತೂರಿನಿಂದ ಒಬ್ಬ ಹಿರಿಯರು ಹಳೆಯ ಒಂಟಿ ನಳಿಗೆಯ ಕೋವಿ ತಂದರು. ಹಂದಿ ಓಡಿಸಲು ಇಟ್ಟುಕೊಂಡದ್ದು. ಗುಂಡಿಗೆ ಬಡಿಯುವ ಕುದುರೆ ಹಿಂದಕ್ಕೆ ಎಳೆದರೆ ನಿಲ್ಲುತ್ತಿರಲಿಲ್ಲ. ಬಿಚ್ಚಿದರೆ ಒಳಗಿನ ಪ್ರತಿಯೊಂದು ಭಾಗದ ಮೇಲೂ ಗುಲಾಬಿ ಬಣ್ಣದ ಒಂದೊಂದು ಚುಕ್ಕೆ.

"ಇದೆಂತದು?" ಎಂದೆ.

"ಗುರುತು. ಸೊಸೆಯ ಉಗುರಿನ ಬಣ್ಣ. ನಿನ್ನ ಮೇಲೆ ಅನುಮಾನ ಅಂತಲ್ಲ ಮಾರಾಯ, ಕಾಲ ಸರಿ ಇಲ್ಲ."

ತುಕ್ಕು, ಜಿಡ್ಡು ವಿಪರೀತ ಇತ್ತು. ಅಭ್ಯಾಸಬಲದಿಂದ ಎಲ್ಲವನ್ನೂ ಥಿನ್ನರಿನ ಬೋಗುಣಿಗೆ ಹಾಕಿ ಉಜ್ಜಿ ತೊಳೆದೆ. ಬಟ್ಟೆಯ ಮೇಲೆ ಸಾಲಾಗಿ ಇಟ್ಟಾಗ ಎಲ್ಲ ಬೆಳ್ಳಗೆ ಹೊಳೆಯುತ್ತಿದ್ದವು. ಹಿರಿಯರು ಸ್ಟೂಲಿನಿಂದ ಎದ್ದರು.

"ಇವು ನನ್ನವಲ್ಲ."

"ನಿಮ್ಮ ಕಣ್ಣೆದುರೇ ತೊಳೆದೆನಲ್ಲ?"

"ನಾನು ರೆಪ್ಪೆ ಹೊಡೆಯಲಿಲ್ಲವಾ ಮಧ್ಯದಲ್ಲಿ?"

ಕೊನೆಗೆ ಕುದುರೆಯ ಬುಡದ ತೂತಿನಲ್ಲಿ ಒಂದು ಚೂರು ಗುಲಾಬಿ ಉಳಿದದ್ದನ್ನು ಬೆಳಕಿಗೆ ಹಿಡಿದು ತೋರಿಸಿದೆ. ಅವರು ಕನ್ನಡಕ ತೆಗೆದು ನೋಡಿದರು, ಹಾಕಿಕೊಂಡು ನೋಡಿದರು, ಆಮೇಲೆ ನಿಟ್ಟುಸಿರುಬಿಟ್ಟರು.

"ಸರಿ, ಇದೊಂದು ನಂದು. ಉಳಿದವು ಯಾರದ್ದೋ. ಇರಲಿ ಬಿಡು, ನನ್ನವಕ್ಕಿಂತ ಚೆನ್ನಾಗಿವೆ."

ಮೇಜಿನ ಕೆಳಗಿನ ಪುಸ್ತಕ

ಗಿರಾಕಿ ಇಲ್ಲದಾಗ ನಾನು ಓದುತ್ತೇನೆ. ಯಾರಾದರೂ ಬಂದರೆ ಪುಸ್ತಕ ಮೇಜಿನ ಕೆಳಗೆ ಹೋಗುತ್ತದೆ. ಶೃಂಗೇರಿ ಕಡೆಯ ನಿವೃತ್ತ ಮೇಷ್ಟ್ರೊಬ್ಬರು ಒಮ್ಮೆ ಸದ್ದಿಲ್ಲದೆ ಬಂದು ನಾನು ಅದನ್ನು ಒಳಗೆ ತಳ್ಳುವುದನ್ನು ನೋಡಿಬಿಟ್ಟರು. ರಿಪೇರಿಗೆ ತಂದ ಕೋವಿಯ ಬ್ಯಾರಲ್ಲು ಹಿಡಿದುಕೊಂಡೇ ಬಾಗಿಲಲ್ಲಿ ನಿಂತರು.

"ಎಂತ ಅಡಗಿಸಿಟ್ಟದ್ದು?"

"ಪುಸ್ತಕ."

"ಅದು ಕಾಣ್ತದೆ. ತೆಗಿ ನೋಡುವ."

ಕೊಟ್ಟೆ. ಅವರು ನಡುವೆ ಒಂದು ಪುಟ ತೆರೆದು ಮೂಗಿನ ಹತ್ತಿರ ಹಿಡಿದು ಓದಿದರು. ಮುಖದ ಬಿಗಿ ಸಡಿಲಿತು. ಬ್ಯಾರಲ್ಲು ಮೇಜಿನ ಮೇಲಿಟ್ಟು ಕೂತರು.

"ಕವಿತೆ! ಸದ್ಯ. ನಾನು ಕೋವಿ ರಿಪೇರಿ ಕಲಿಯುವ ಪುಸ್ತಕ ಅಂತ ಹೆದರಿದ್ದೆ."

ಕೊಪ್ಪದಲ್ಲಿ ಸರಿ, ಜಯಪುರದಲ್ಲಿ ಕೆಟ್ಟದ್ದು

ಆದರೆ ಅನುಮಾನದಲ್ಲಿ ಜಯಪುರದ ಗೌಡರನ್ನು ಮೀರಿಸಿದವರನ್ನು ನಾನು ಕಂಡಿಲ್ಲ. ಕಾಫಿ ಬೆಳೆಗಾರರು. ಮಾತಿಗೆ ಮೊದಲು ಹಿಂದೆ ತಿರುಗಿ ನೋಡುವ ಅಭ್ಯಾಸ. ಬ್ಯಾಂಕಿನಿಂದ ಆಳುಗಳ ಬಟವಾಡೆ ಹಣ ತರುವಾಗ ಬೇಕು ಎಂದು ಒಂದು ಪಿಸ್ತೂಲಿನ ಲೈಸೆನ್ಸ್ ಮಾಡಿಸಿದ್ದರು. ಮನೆಯಲ್ಲಿ ಹೆಂಡತಿ, ಮತ್ತೆ ತೋಟದ ಕೆಲಸ ನೋಡಿಕೊಳ್ಳಲು ಬಂದು ಉಳಿದ ಹೆಂಡತಿಯ ತಮ್ಮ.

ಮಳೆ ನಿಂತು ಸಣ್ಣಗೆ ಚಳಿ ಶುರುವಾದ ದಿನಗಳು. ಗೌಡರು ಬಂದು ಬಾಗಿಲು ಅರ್ಧ ಎಳೆದುಕೊಂಡರು.

"ಸ್ವಚ್ಛ ಮಾಡುವ ಅಂತ ಬೆಳಿಗ್ಗೆ ಬಿಚ್ಚಲಿಕ್ಕೆ ಹೊರಟೆ. ಸ್ಲೈಡು ಹಿಂದೆ ಬರೋದಿಲ್ಲ. ಅರ್ಧ ಬೆರಳು ಬಂದು ಕಚ್ಚಿಕೊಂಡು ನಿಲ್ತದೆ."

ಪಿಸ್ತೂಲಿನ ಮೇಲುಭಾಗ ಅದು. ಹಿಂದಕ್ಕೆ ಸರಿದರೇ ನಳಿಗೆ ಖಾಲಿಯೋ ಅಲ್ಲವೋ ಕಾಣುವುದು, ಬಿಚ್ಚಲಿಕ್ಕೂ ಬರುವುದು. ನಾನು ಪಿಸ್ತೂಲಿನ ಬಾಯಿಯನ್ನು ಮೂಲೆಯ ಮರಳಿನ ಬಕೆಟ್ಟಿಗೆ ತಿರುಗಿಸಿ ಎಳೆದೆ. ಬೆಣ್ಣೆಯಂತೆ ಬಂತು. ನಳಿಗೆ ಖಾಲಿ.

"ಎಂತ ಮಾಡಿದೆ?"

"ಎಳೆದೆ."

"ಅಷ್ಟೇಯಾ?"

"ಅಷ್ಟೇ."

ಗೌಡರು ಹೋದರು. ಮಾರನೆಯ ದಿನ ಬೆಳಿಗ್ಗೆ ಫೋನು: ಮತ್ತೆ ಕಚ್ಚಿದೆ. ಮಧ್ಯಾಹ್ನ ಕಾರಿನ ಮುಂದಿನ ಗಾಜಿನಡಿ, ಬಿಸಿಲಿಗೆ ಪೆಟ್ಟಿಗೆ ಇಟ್ಟುಕೊಂಡು ಮತ್ತೆ ಬಂದರು. ನಾನು ಎಳೆದೆ. ಮತ್ತೆ ಬೆಣ್ಣೆ.

ಗೌಡರು ನನ್ನ ಕೈಗಳನ್ನು ಎರಡೂ ಕಡೆ ತಿರುಗಿಸಿ ನೋಡಿದರು. "ನಿನ್ನ ಕೈಗೆ ಮಾತ್ರ ಬಗ್ತದೆ ಅಂದ್ರೆ ಹೆಂಗೆ? ನೀ ಇದಕ್ಕೆ ಎಂತದೋ ಅಭ್ಯಾಸ ಮಾಡಿಸಿದೀಯ."

"ಬಿಟ್ಟು ಹೋಗಿ ಗೌಡ್ರೇ. ಪೂರ್ತಿ ಬಿಚ್ಚಿ ನೋಡ್ತೇನೆ."

"ಬಿಚ್ಚಿದಮೇಲೆ ಒಳಗಿನದ್ದು ಬದಲಾದ್ರೆ?"

"ಎಣ್ಣೆ ಯಾವುದು ಹಾಕಿದ್ದೀರಿ?"

"ಒಳ್ಳೇದೇ ಹಾಕಿದ್ದೀನಿ."

ನನ್ನ ಕೋವಿ ಎಣ್ಣೆಯ ಸೀಸೆ ಮುಂದಿಟ್ಟೆ. ಮೂಸಿ ನೋಡಿ ದೂರ ತಳ್ಳಿದರು. "ಅಂಗಡಿ ಎಣ್ಣೆ. ಎಂತ ಬೆರೆಸಿದಾರೋ! ಈ ಸಲ ಮನೆಗೆ ಹೋದ ಕೂಡಲೆ ಗುಂಡಿನ ತೋಟೆ ಹಾಕಿಯೇ ಪರೀಕ್ಷೆ ಮಾಡ್ತೀನಿ."

"ಮನೆಯೊಳಗೆ ತುಂಬಿದ ತೋಟೆ ಹಾಕಿ ನೋಡಬೇಡಿ," ಎಂದೆ.

"ಎಂತಕ್ಕೆ ಬೇಡ? ಎಂತದೋ ಗೊತ್ತಾಗಿಬಿಡ್ತದೆ ಅಂತಲಾ?"

ಹೊರಡುವಾಗ ಫೋನು ತೆಗೆದು, ನನಗೆ ಕೊಡುವ ಮೊದಲು ಹೊಡೆದಿದ್ದ ಫೋಟೋವನ್ನೂ ಕೈಯಲ್ಲಿದ್ದ ಪಿಸ್ತೂಲನ್ನೂ ಹೋಲಿಸಿದರು. "ಫೋಟೋದಲ್ಲಿ ಸ್ವಲ್ಪ ಬೆಳ್ಳಗಿತ್ತಲ್ಲ?" ಎಂದರು. ಫೋಟೋ ಬಿಸಿಲಲ್ಲಿ ಹೊಡೆದದ್ದು ಎಂದೆ. "ನಿನ್ನ ಹತ್ತಿರ ಎಲ್ಲದಕ್ಕೂ ಉತ್ತರ ಇದೆ," ಎಂದು ಇನ್ನಷ್ಟು ಅನುಮಾನದಿಂದ ಇಳಿದು ಹೋದರು.

ಉಡಿದಾರದ ಕೀಲಿಕೈ

ಆಮೇಲೆ ಕೆಲವು ವಾರ ಗೌಡರ ಸುದ್ದಿ ಇರಲಿಲ್ಲ. ಮಾಗಿಯ ಚಳಿ ಬಲಿಯಿತು. ಅಷ್ಟರಲ್ಲಿ ಚುನಾವಣೆ ಬಂತು. ಚುನಾವಣೆ ಬಂದರೆ ಲೈಸೆನ್ಸ್ ಇದ್ದವರೆಲ್ಲ ಕೋವಿ, ತೋಟೆ ಎರಡನ್ನೂ ಠಾಣೆಗೆ ಜಮಾ ಮಾಡಬೇಕು. ಗೌಡರು ತೋಟೆಯ ಪೆಟ್ಟಿಗೆ ತೆಗೆದು ನೋಡಿದರೆ ಒಂದು ತೋಟೆ ಕಡಿಮೆ. ಫೋನಿನಲ್ಲಿ ಪಿಸುಗುಟ್ಟಿದರು.

"ಬೀರುವಿನ ಕೀಲಿಕೈ ನನ್ನ ಉಡಿದಾರದಲ್ಲಿ. ಸ್ನಾನಕ್ಕೂ ಬಿಚ್ಚೋದಿಲ್ಲ. ಆದರೂ ಒಂದು ಹೋಗಿದೆ. ಯಾರು ಗೊತ್ತುಂಟಾ? ನನ್ನ ಬಾಮೈದ!"

"ಕೀಲಿಕೈ ನಿಮ್ಮ ಹತ್ತಿರವೇ ಇದ್ದರೆ ಅವರು ಹೇಗೆ?"

"ಅದೇ ಅಲ್ವಾ ಅನುಮಾನ! ಹೋದ ವರ್ಷ ಒಂದಿನ ಕೇಳಿದ್ದ, ಭಾವ ಇದು ಎಷ್ಟು ದೂರ ಹೋಗ್ತದೆ ಅಂತ. ಠಾಣೆಯಲ್ಲಿ ಲೆಕ್ಕ ಕೇಳ್ತಾರೆ. ಇವನ ಹೆಸರೇ ಹೇಳೋದು ನಾನು."

ಮರುದಿನ ಬಾಮೈದನೇ ಬಂದ. ಸ್ಟೂಲಿನ ತುದಿಯಲ್ಲಿ ಕೂತ. ಮುಖ ಬಾಡಿತ್ತು.

"ಅಣ್ಣಾ, ಭಾವ ನನ್ನ ಹೆಸರು ಬರೆಸ್ತಾರಂತೆ. ಅಕ್ಕ ಎರಡು ಹೊತ್ತು ಊಟ ಬಿಟ್ಟಿದಾಳೆ. ಹಿರೇಕೊಡಿಗೆಯಲ್ಲಿ ನಂಗೊಂದು ಹೆಣ್ಣು ಗೊತ್ತಾಗಿದೆ. ತೋಟೆ ಕದ್ದು ಠಾಣೆ ಮೆಟ್ಟಿಲು ಹತ್ತಿದವನಿಗೆ ಯಾರು ಹೆಣ್ಣು ಕೊಡ್ತಾರೆ?"

"ನೀವು ತೆಗೆದಿಲ್ಲವಲ್ಲ?"

"ಅಯ್ಯೋ, ದೀಪಾವಳಿಗೆ ಬೇರೆಯವರು ಪಟಾಕಿ ಹೊಡೆದ್ರೆ ನಾನು ಅಡಿಗೆಮನೆ ಸೇರೋನು. ನೀವೊಂದು ಮಾತು ಹೇಳಿ. ನೀವು ಹೆಚ್ಚು ಮಾತಾಡೋರಲ್ಲ, ಹಾಗಾಗಿ ನಂಬಬಹುದು."

ನನ್ನ ಮೌನಕ್ಕೆ ಜನ್ಮದಲ್ಲಿ ಸಿಕ್ಕ ಒಂದೇ ಪ್ರಶಸ್ತಿ ಅದು. ಅದನ್ನು ಅನುಭವಿಸುವಷ್ಟರಲ್ಲಿ ಗೌಡರ ಫೋನು ಬಂತು.

"ಬಾಮೈದ ನಿನ್ನಲ್ಲಿಗೆ ಬಂದಿದಾನಾ?"

"ಬಂದಿದ್ದಾರೆ."

ಆ ಕಡೆಯಿಂದ ಗೆದ್ದ ದನಿ: "ಎಷ್ಟಕ್ಕೆ ಮಾರ್ತಿದಾನೆ ತೋಟೆ?"

ಬಿಸಿ ನೀರಿನ ಚೀಲ

ಜಮಾ ಮಾಡಲು ಕೊನೆಯ ದಿನ. ಹನ್ನೊಂದು ಗಂಟೆಯಾದರೂ ಮಂಜು ಹರಿದಿರಲಿಲ್ಲ. ಠಾಣೆಯಲ್ಲಿ ಗೌಡರಿಗೆ ಪಿಸ್ತೂಲು ತೆರೆದು ಖಾಲಿ ಎಂದು ತೋರಿಸಿ ಎಂದರಂತೆ. ಸ್ಲೈಡು ಅಲ್ಲಾಡಲಿಲ್ಲ. ತೆರೆಯದ ಪಿಸ್ತೂಲು ಒಳಗಿಡುವುದಿಲ್ಲ, ಸಂಜೆಯೊಳಗೆ ಇಡದಿದ್ದರೆ ಲೈಸೆನ್ಸ್ ಉಳಿಯುವುದಿಲ್ಲ ಎಂದು ಹೇಳಿ, ಜೊತೆಗೊಬ್ಬರು ಪೊಲೀಸರನ್ನು ಕೊಟ್ಟು ನನ್ನಲ್ಲಿಗೆ ಕಳಿಸಿದರು. ಕಾರು ಓಡಿಸಿಕೊಂಡು ಬಂದವನು ಬಾಮೈದ. ಗೌಡರು ಅವನನ್ನು ಹೊಸ್ತಿಲ ಹೊರಗೇ ನಿಲ್ಲಿಸಿದರು.

"ಇದು ಮುಗಿದ ಮೇಲೆ ಇನ್ನೊಂದು ವಿಷಯ ಉಂಟು, ತೋಟೆದು. ಹೆಸರು ಸಮೇತ ಹೇಳ್ತೀನಿ," ಎಂದು ಪೊಲೀಸರಿಗೆ ಹೇಳಿದರು. ಬಾಮೈದ ನೆಲ ನೋಡಿದ.

ನಾನು ಪಿಸ್ತೂಲಿನ ಬಾಯಿಯನ್ನು ಮರಳಿಗೆ ಕೊಟ್ಟು ಎಳೆದೆ. ಬರಲಿಲ್ಲ. ಇನ್ನೊಮ್ಮೆ. ಅರ್ಧ ಬೆರಳು ಬಂದು ಕಚ್ಚಿತು.

ಗೌಡರ ಮುಖ ಅರಳಿತು. "ನೋಡಿ ಸ್ವಾಮಿ! ಪೊಲೀಸರು ಎದುರಿಗಿದ್ರೆ ಇವನ ಕೈಗೂ ಬಗ್ಗೋದಿಲ್ಲ. ಒಂದು ಕೊಡತಿ ತಗೊಂಡು ಬಡಿ ಮಾರಾಯ."

"ಬಡಿಯೋದಿಲ್ಲ. ಒಳಗೆ ತೋಟೆ ಇದ್ದರೆ?"

"ಇಲ್ಲ. ತೋಟೆ ತುಂಬೋ ಮ್ಯಾಗಜೀನು ತೆಗೆದು ಜೇಬಲ್ಲಿ ಇಟ್ಟಿದೀನಿ, ಇಲ್ನೋಡು."

"ಮ್ಯಾಗಜೀನು ತೆಗೆದರೂ ನಳಿಗೆಯೊಳಗೆ ಒಂದು ಉಳಿದಿರಬಹುದು."

ಅಲ್ಲಿಯವರೆಗೆ ನನ್ನ ಹೆಗಲ ಮೇಲಿಂದ ಬಗ್ಗಿ ನೋಡುತ್ತಿದ್ದ ಪೊಲೀಸರು ಹೊರಗೆ ಹೋಗಿ, ಬಾಮೈದನ ಹಿಂದೆ ನಿಂತು, "ನೀವು ಮುಂದುವರಿಸಿ," ಎಂದರು.

ಸ್ಲೈಡು ಕೂಡುವ ಸಂದಿನಲ್ಲಿ ಬೆಳ್ಳಗೆ ಮೇಣದಂಥದ್ದು ಕಂಡಿತು. ಉಗುರಿನಿಂದ ಕೆರೆದು ಮೂಸಿದೆ. ನನ್ನ ಹಿಮ್ಮಡಿಗೆ ಆ ವಾಸನೆ ಚೆನ್ನಾಗಿ ಪರಿಚಯ. ಚಳಿಗಾಲದಲ್ಲಿ ಒಡೆದ ಕಾಲಿಗೆ ನಮ್ಮ ಮನೆಯಲ್ಲಿ ಹಚ್ಚುವುದೂ ಅದನ್ನೇ.

"ಗೌಡ್ರೇ, ಮುರುಗಲು ತುಪ್ಪ ಹಾಕಿದ್ದೀರಾ?"

ಗೌಡರು ಹಿಂದೆ ತಿರುಗಿ ನೋಡಿದರು. ಆಮೇಲೆ ತಗ್ಗಿದ ದನಿಯಲ್ಲಿ, "ಮನೇದು. ಬೀಜ ಕುಟ್ಟಿಸಿ ಎದುರಿಗೇ ನಿಂತು ಕಾಯಿಸಿದ್ದು. ಕರಗಿಸಿ ಎಲ್ಲ ಸಂದಿಗೂ ಬಿಟ್ಟಿದೀನಿ. ನಿನ್ನ ಸೀಸೆದಕ್ಕಿಂತ ಶುದ್ಧ."

"ಶುದ್ಧವೇ. ಬಿಸಿಲಿಗೆ ಕರಗುತ್ತೆ, ಚಳಿಗೆ ಕಲ್ಲಾಗುತ್ತೆ. ನನ್ನಲ್ಲಿಗೆ ಬರುವಾಗ ಕಾರಿನ ಗಾಜಿನಡಿ ಕಾದು ಬರುತ್ತಿತ್ತು. ಮನೆಗೆ ಹೋದಮೇಲೆ ಆರುತ್ತಿತ್ತು. ಕೈ ನಂದಲ್ಲ, ಬಿಸಿಲಿಂದು."

ಪಕ್ಕದ ಹೋಟೆಲಿಗೆ ಹೋಗಿ ರಬ್ಬರ್ ಚೀಲಕ್ಕೆ ಬಿಸಿ ನೀರು ಕೇಳಿದೆ. ಹೋಟೆಲಿನವರು ಪಾತ್ರೆ ಬಗ್ಗಿಸುತ್ತಾ, "ಯಾರಿಗೆ ಸೊಂಟ ನೋವು?" ಎಂದರು.

ಹೊರಗಿಂದ ಪೊಲೀಸರೇ ಹೇಳಿದರು: "ಪಿಸ್ತೂಲಿಗೆ."

ಬಟ್ಟೆ ಸುತ್ತಿ, ಮೇಲೆ ಚೀಲ ಇಟ್ಟು, ಬಾಯಿ ಮರಳಿನಲ್ಲೇ ಇರುವಂತೆ ಕಾದೆವು. ನೀರು ಯಾವ ಬಾವಿಯದೆಂದು ಗೌಡರು ವಿಚಾರಿಸಿದರು. ಸ್ವಲ್ಪ ಹೊತ್ತಿಗೆ ಸಂದಿನಿಂದ ತುಪ್ಪ ಹನಿಯತೊಡಗಿತು. ಎಳೆದೆ. ಸ್ಲೈಡು ಸಲೀಸಾಗಿ ಹಿಂದೆ ಬಂತು. ಅದರ ಜೊತೆಗೆ ಹಿತ್ತಾಳೆಯ ಒಂದು ತೋಟೆ ಟಣ್ಣನೆ ನೆಗೆದು ನೆಲಕ್ಕೆ ಬಿದ್ದು, ಉರುಳಿಕೊಂಡು ಹೊಸ್ತಿಲ ಹತ್ತಿರ ನಿಂತಿತು. ಬಾಮೈದ ಪೊಲೀಸರ ತೋಳು ಹಿಡಿದುಕೊಂಡ. ಪೊಲೀಸರೂ ಅವನ ತೋಳು ಹಿಡಿದುಕೊಂಡರು.

ಆವತ್ತು ನನ್ನಲ್ಲಿಂದ ಹೋಗಿ, ಪರೀಕ್ಷೆಗೆಂದು ಬಿಸಿ ಆರುವ ಮೊದಲು ಗೌಡರೇ ಮನೆಯಲ್ಲಿ ಹಾಕಿದ ತೋಟೆ. ಸ್ಲೈಡು ಕಚ್ಚಿತು, ತೋಟೆ ಒಳಗೇ ಉಳಿಯಿತು, ಗೌಡರಿಗೆ ಮರೆತುಹೋಯಿತು. ಅದನ್ನು ಹೆಕ್ಕಿ ಗೌಡರ ತೋಟೆ ಪೆಟ್ಟಿಗೆಯಲ್ಲಿ ಇಟ್ಟಾಗ ಖಾಲಿ ಇದ್ದ ಗೂಡು ತುಂಬಿತು.

"ಲೆಕ್ಕ ಸರಿಯಾಯ್ತಲ್ಲ ಗೌಡ್ರೇ," ಎಂದರು ಪೊಲೀಸರು, ತೋಳು ಬಿಡಿಸಿಕೊಳ್ಳುತ್ತಾ. "ಯಾರ ಹೆಸರೂ ಬೇಡ. ನಡೀರಿ."

ಬಾಮೈದನ ಮುಖಕ್ಕೆ ಹಿರೇಕೊಡಿಗೆ ವಾಪಸ್ ಬಂತು. ಗೌಡರು ಮಾತ್ರ ಕದಲಲಿಲ್ಲ. ತೋಟೆ ನೋಡಿದರು, ಪಿಸ್ತೂಲು ನೋಡಿದರು, ಅಂಗಿಯೊಳಗೆ ಕೈಹಾಕಿ ಉಡಿದಾರದ ಕೀಲಿಕೈ ಮುಟ್ಟಿ ನೋಡಿಕೊಂಡರು. ಎಲ್ಲರೂ ಅವರ ಬಾಯಿಂದ ಒಂದು ಒಳ್ಳೆಯ ಮಾತಿಗೆ ಕಾದೆವು. ಕೊನೆಗೆ ನನ್ನ ಕಿವಿಯ ಹತ್ತಿರ ಬಗ್ಗಿದರು.

"ಬೀರುವಿನ ಕೀಲಿಕೈ ನನ್ನ ಸೊಂಟದಲ್ಲಿ. ಸ್ಲೈಡು ನಿನ್ನ ಕೈಗೇ ಬಗ್ಗಲಿಲ್ಲ. ಅಂಥದ್ದರೊಳಗೆ ಕದ್ದ ತೋಟೆ ತಂದು ವಾಪಸ್ ಇಟ್ಟಿದಾನೆ ಅಂದ್ರೆ, ನೋಡು ಮಾರಾಯ, ನನ್ನ ಬಾಮೈದ ಎಂಥ ಪಾಕಡ!"