ಕಾಡೆಮ್ಮೆ ಕರುವಿನ ಬಿಡುಗಡೆ ಮತ್ತು ಎರಡು ಹೆಚ್ಚುವರಿ ಡಬ್ಬ

ಇಂದ: ಕರು ಸಾಕುವವನು (ಹಂಗಾಮಿ ತಾಯಿ), ಅನಾಥ ಕರುಗಳ ಕೊಟ್ಟಿಗೆ

ಗೆ: ಮುಖ್ಯ ಅಧಿಕಾರಿಗಳು, ಕಾಡೆಮ್ಮೆ ಸಂರಕ್ಷಣಾ ಕೇಂದ್ರ

ವಿಷಯ: ಎರಡು ಖಾಲಿ ತಗಡಿನ ಡಬ್ಬ ಹೆಚ್ಚುವರಿಯಾಗಿ ಮಂಜೂರು ಮಾಡುವ ಬಗ್ಗೆ.

ಉಲ್ಲೇಖ: ತಾವು ನಿನ್ನೆ ಕೊಟ್ಟಿಗೆಯ ಬಾಗಿಲಲ್ಲಿ, ಮೂಗಿಗೆ ಕರವಸ್ತ್ರ ಹಿಡಿದು ನೀಡಿದ ಮೌಖಿಕ ಆದೇಶ.

ಮಾನ್ಯರೇ,

ಅರ್ಜಿದಾರನು ತನ್ನನ್ನು ಬೇರೆಯವನಂತೆ ಕಂಡು ಬರೆಯುತ್ತಿದ್ದಾನೆ. 'ನಾನು' ಎಂದು ಶುರುಮಾಡಿದ ಮೊದಲ ಪ್ರತಿ ಒದ್ದೆಯಾದ ಕಾರಣ ಲಗತ್ತಿಸಿಲ್ಲ.

೧. ತಾಯಿ ಸತ್ತ ಕರುವನ್ನು ಕೇಂದ್ರಕ್ಕೆ ತಂದಾಗ, ಅದು ಮನುಷ್ಯರಿಗೆ ಒಗ್ಗಬಾರದೆಂಬ ನಿಯಮದಂತೆ ಅರ್ಜಿದಾರನಿಗೆ ಕಂದು ಕಂಬಳಿಯ ವೇಷವನ್ನೂ ಕೊಂಬಿರುವ ಮುಖವಾಡವನ್ನೂ ಕೊಡಲಾಯಿತು. ಮಾತಾಡಕೂಡದು, ಗುಟುರು ಹಾಕಬಹುದು ಎಂದು ಅಪ್ಪಣೆಯಾಯಿತು. ಕೈಕಾಲೂರಿ ನಿಂತು ಸೀಸೆಯಲ್ಲಿ ಹಾಲು ಕುಡಿಸಿದ ಕಾರಣ ಸದರಿಯವನ ಸೊಂಟ ಬಿದ್ದಿದೆ. ಆ ಬಗ್ಗೆ ತಕರಾರಿಲ್ಲ.

೨. ಗುಟುರು ಮನೆಗೂ ಬಂತು. ಉಪ್ಪು ಸಾಕಾ ಎಂದು ಹೆಂಡತಿ ಕೇಳಿದರೂ ಗುಟುರು, ಅಮ್ಮ ಬಂದಿದ್ದಾರೆ ಎಂದರೂ ಗುಟುರು. ಅತ್ತೆಯವರು ಸಂಜೆಯೇ ಹೊರಟುಹೋದರು. ಇದು ಯೋಜನೆಯಲ್ಲಿ ಕಾಣಿಸದ ಲಾಭ.

೩. ಕಳೆದ ವಾರ ಮುಖವಾಡದ ಪಟ್ಟಿ ಹರಿದು ಅರ್ಜಿದಾರನ ಮುಖ ಬಯಲಾಯಿತು. ಕರು ನಿಯಮದ ಪ್ರಕಾರ ಬೆದರಬೇಕಿತ್ತು. ಅದು ಹತ್ತಿರ ಬಂದು ಅವನ ಬೋಳುತಲೆಯನ್ನು ಹಣೆಯಿಂದ ಕತ್ತಿನವರೆಗೆ ನೆಕ್ಕಿತು. ಪಶುವೈದ್ಯೆ ಇದನ್ನು ಕಂಡು ವರದಿ ಮಾಡಿದ ಕಾರಣ ತಾವು ಆದೇಶಿಸಿದ್ದೇನೆಂದರೆ: ಕರು ಯಾವ ಮುಖ ನಂಬಿದೆಯೋ ಅದೇ ಮುಖ ನಾಳೆ ವೇಷವಿಲ್ಲದೆ ಡಬ್ಬ ಬಡಿದು, ಬೈದು, ಅದನ್ನು ಕಾಡಿನ ಹಿಂಡಿನ ಕಡೆಗೆ ಅಟ್ಟಬೇಕು.

೪. ಈ ಕೆಲಸಕ್ಕೆ ಉಗ್ರಾಣದವರೇ ಸೂಕ್ತ, ಅವರು ಸುಮ್ಮನೆ ನಿಂತರೂ ಜನ ಓಡುತ್ತಾರೆ ಎಂದು ಅರ್ಜಿದಾರನು ವಾದಿಸಿದನು. ಆಗ ಪಶುವೈದ್ಯೆ ಹೇಳಿದ್ದು: "ಅಣ್ಣ, ಒಂದು ಕಾಲದಲ್ಲಿ ಈ ಹುಲ್ಲುಗಾವಲು ತುಂಬಾ ಇವೇ ಇದ್ವು. ಬಂದೂಕಿನಿಂದ ಉಳಿದದ್ದು ಬೆರಳೆಣಿಕೆಯಷ್ಟು. ನಿಮ್ಮನ್ನ ನಂಬಿದ್ದು ಬಂದೂಕು ಹಿಡಿದವನನ್ನೂ ನಂಬುತ್ತೆ. ಅದು ಬದುಕಬೇಕೋ, ನಿಮ್ಮನ್ನ ಪ್ರೀತಿಸಬೇಕೋ, ನೀವೇ ಹೇಳಿ."

ಅರ್ಜಿದಾರನು ಹರಿದ ಪಟ್ಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡನು.

೫. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಗಾದೆಯಿದೆ. ಹೆರದವನಿಗೆ ಕಾಡೆಮ್ಮೆ ಮುದ್ದಾದರೆ ಏನು ಮಾಡಬೇಕೆಂದು ಯಾವ ಗಾದೆಯೂ ಹೇಳುವುದಿಲ್ಲ. ಅರ್ಜಿದಾರನ ಮನೆಯಲ್ಲಿ ಮಕ್ಕಳಿಲ್ಲ. ಕರುವನ್ನು ಒಮ್ಮೆಯೂ ನೋಡದ, ಆದರೆ ಗಂಡನ ಅಂಗಿಯಲ್ಲಿ ದಿನವೂ ಅದರ ವಾಸನೆ ಕಂಡ ಹೆಂಡತಿ ರಾತ್ರಿ ಊಟ ಬಡಿಸುತ್ತಾ, "ಹೋಗಿ ಬೈದು ಬನ್ನಿ. ನಮ್ಮದು ಅಂದ್ಮೇಲೆ ಬೈಯೋದೂ ನಮ್ಮ ಕೆಲಸಾನೇ ಅಲ್ವಾ," ಎಂದಳು. ಆಮೇಲೆ ಅವಳೂ ಉಣ್ಣಲಿಲ್ಲ.

ಆದ್ದರಿಂದ, ಮೇಲ್ಕಂಡ ಕಾರಣಗಳಿಂದಾಗಿ, ಅರ್ಜಿದಾರನು ಆದೇಶವನ್ನು ಚಾಚೂ ತಪ್ಪದೆ ಪಾಲಿಸಲಿದ್ದಾನೆ. ಆದರೆ ಮಂಜೂರಾಗಿರುವುದು ಒಂದೇ ಡಬ್ಬ. ಇನ್ನೆರಡನ್ನು ದಯಮಾಡಿ ಮಂಜೂರು ಮಾಡಿ, ಅವನ್ನು ಬಡಿಯಲು ಉಗ್ರಾಣದವರನ್ನು ಅರ್ಜಿದಾರನ ಕಿವಿಯ ಪಕ್ಕದಲ್ಲೇ ನಿಲ್ಲಿಸಬೇಕಾಗಿ ಕೋರಿಕೆ.

ತಮ್ಮ ವಿಶ್ವಾಸಿ,
ಹಂಗಾಮಿ ತಾಯಿ (ನಾಳೆಯವರೆಗೆ)

ಲಗತ್ತುಗಳು:
ಹರಿದ ಪಟ್ಟಿ, ಒಂದು.
ಕಂಬಳಿ ವೇಷ, ಒಂದು (ಒಗೆದಿಲ್ಲ; ಹೆಂಡತಿ ಒಗೆಯಲು ಬಿಡಲಿಲ್ಲ).

ವಿ.ಸೂ.: ಕರುವನ್ನು ಹೆದರಿಸಲು ಒಂದು ಡಬ್ಬ ಸಾಕು. ಉಳಿದೆರಡು, ಅದು ತಿರುಗಿ ನಿಂತು ತಾಯಿಯನ್ನು ಕೂಗಿದರೆ ಅರ್ಜಿದಾರನಿಗೆ ಕೇಳಿಸದಿರಲು.